ಊಟದ ಬದಲು 12 ವಾರ ಪುಡಿ, ಜೊತೆಗೆ ವಾರಕ್ಕೊಂದು ಕ್ಲಾಸು: ಪುಡಿ ಸಾಕಾ, ಪಾಠವೂ ಬೇಕಾ?

ಮಳೆಬಿಲ್ಲು | ಸೋಮವಾರ, ರಾತ್ರಿ 8:52

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಇವತ್ತು ಬರೆಯಲೇಬೇಕಾಯಿತು.

ನನಗೆ 43. ಎತ್ತರ 162 ಸೆಂ.ಮೀ., ತೂಕ 104 ಕೆ.ಜಿ. ಮೂರು ವರ್ಷದಿಂದ ಶುಗರ್ ಮಾತ್ರೆ, ಬಿಪಿ ಮಾತ್ರೆ ಎರಡೂ ಇವೆ. ಮಂಡಿ ನೋವಿನದು ಬೇರೆಯೇ ಕಥೆ. ಡಾಕ್ಟರು ಒಬ್ಬ ಡಯಟೀಷಿಯನ್ ಹತ್ತಿರ ಕಳಿಸಿದರು. ಅವರು ಹೇಳಿದ್ದು ಕೇಳಿ ತಲೆ ತಿರುಗಿತು. 12 ವಾರ ಊಟವೇ ಇಲ್ಲವಂತೆ. ದಿನಕ್ಕೆ ನಾಲ್ಕು ಸಲ ಪುಡಿ ಕಲಸಿ ಕುಡಿಯಬೇಕು, ಒಟ್ಟು 800 ಚಿಲ್ಲರೆ ಕ್ಯಾಲೊರಿ. ಆಮೇಲೆ ಒಂದೊಂದೇ ಊಟ ವಾಪಸ್. ಇದರ ಜೊತೆಗೆ ವಾರಕ್ಕೊಂದು ಕ್ಲಾಸು. ಡೈರಿ ಬರೆಯಬೇಕು, ಯಾಕೆ ತಿನ್ನುತ್ತೇವೆ ಅಂತ ಮಾತಾಡಬೇಕು, ಹೀಗೆ.

ನಮ್ಮ ಯಜಮಾನರು "ಪುಡಿ ನಾವೇ ತಂದುಕೊಂಡರೆ ಆಯ್ತಲ್ಲ, ತಿನ್ನೋದು ಹೇಗೆ ಅಂತ ಈ ವಯಸ್ಸಲ್ಲಿ ಪಾಠ ಬೇಕಾ?" ಅನ್ನುತ್ತಾರೆ. ತಂಗಿ ಉಲ್ಟಾ. "ಪುಡಿ ಬೇಡ, ಪಾಠ ಸಾಕು" ಅನ್ನುತ್ತಾಳೆ. ನನಗೆ ಇಬ್ಬರ ಮಾತೂ ಸರಿ ಅನಿಸುತ್ತೆ, ಅದೇ ಕಷ್ಟ.

ಇನ್ನೊಂದು ಹೇಳಿಬಿಡುತ್ತೇನೆ. ಈ ಹಿಂದೆ ನಾಲ್ಕು ಸಲ ತೂಕ ಇಳಿಸಿದ್ದೇನೆ. ನಾಲ್ಕು ಸಲವೂ ಬಡ್ಡಿ ಸಮೇತ ವಾಪಸ್ ಬಂದಿದೆ. ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಸುಮ್ನೆಬಂದೆ | ರಾತ್ರಿ 8:58

12 ವಾರ ಅಗಿಯೋದೇ ಇಲ್ವಾ? ಹಲ್ಲಿಗೆ ಬೇಸಿಗೆ ರಜೆ.

ಹಳೇಬೇರು | ರಾತ್ರಿ 9:10

ಡಬ್ಬಿಯಲ್ಲಿ ಬರೋದು ಊಟ ಅಲ್ಲ ತಾಯಿ. ಊಟ ಬಲ್ಲವನಿಗೆ ರೋಗವಿಲ್ಲ ಅಂತ ಹಿರಿಯರು ಸುಮ್ನೆ ಹೇಳಲಿಲ್ಲ. ಇದೆಲ್ಲ ವ್ಯಾಪಾರ. ಕಡಿಮೆ ತಿನ್ನಿ, ಜಾಸ್ತಿ ನಡೆಯಿರಿ. ಮುಗೀತು.

ಲೆಕ್ಕದಮೇಷ್ಟ್ರು | ರಾತ್ರಿ 9:31

ಲೆಕ್ಕ ಹಾಕಿಯೇ ನೋಡೋಣ. ಮೇಡಂ ಅವರ ವಯಸ್ಸು, ಎತ್ತರ, ತೂಕಕ್ಕೆ ಸುಮ್ನೆ ಮಲಗಿದ್ದರೂ ದೇಹ ದಿನಕ್ಕೆ ಸುಮಾರು 1,675 ಕ್ಯಾಲೊರಿ ಸುಡುತ್ತದೆ. ಮನೆಗೆಲಸ, ಓಡಾಟ ಸೇರಿಸಿದರೆ 2,150ರ ಆಸುಪಾಸು. ಒಳಗೆ ಹೋಗೋದು 800. ಕೊರತೆ 1,350. ಒಂದು ಕೆ.ಜಿ. ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಅಂತ ಹಿಡಿದರೆ 84 ದಿನಕ್ಕೆ 14-15 ಕೆ.ಜಿ. ಇದರಲ್ಲಿ ಮಾಯೆ ಏನೂ ಇಲ್ಲ. ಪುಡಿಯಲ್ಲಿ ಔಷಧವೂ ಇಲ್ಲ. ಇದೇ 800 ಕ್ಯಾಲೊರಿಯನ್ನು ಊಟದಲ್ಲೇ ತಿಂದರೂ ಅಷ್ಟೇ ಇಳಿಯುತ್ತೆ.

ನಿಧಾನಿ | ರಾತ್ರಿ 9:44

ಮೇಷ್ಟ್ರೇ, ಕೊನೆಯ ಸಾಲು ಕಾಗದದ ಮೇಲೆ ಸರಿ, ಅಡುಗೆಮನೆಯಲ್ಲಿ ತಪ್ಪು. 800 ಕ್ಯಾಲೊರಿ ಊಟದಲ್ಲಿ ಪ್ರೋಟೀನ್, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಎಲ್ಲ ಪೂರ್ತಿ ಬರೋ ಹಾಗೆ ಮೂರು ತಿಂಗಳು ಅಳೆದು ತೂಗಿ ಅಡುಗೆ ಮಾಡೋರು ಯಾರು?

ಅದೂ ಅಲ್ಲದೆ ನಾವು ಎಷ್ಟು ತಿನ್ನುತ್ತೇವೆ ಅಂತ ನಮಗೇ ಗೊತ್ತಿರಲ್ಲ. 1992ರಲ್ಲಿ ಒಂದು ಅಧ್ಯಯನ ಆಗಿತ್ತು. "ಕಡಿಮೆ ತಿಂದರೂ ತೂಕ ಇಳಿಯಲ್ಲ" ಅನ್ನುವವರನ್ನೇ ಆರಿಸಿ ಪರೀಕ್ಷೆ ಮಾಡಿದರು. ಅವರ ದೇಹದಲ್ಲಿ ಏನೂ ದೋಷ ಇರಲಿಲ್ಲ. ಆದರೆ ತಿಂದದ್ದನ್ನು ಸರಾಸರಿ 47% ಕಡಿಮೆ ಹೇಳಿದ್ದರು, ಮಾಡಿದ ದೈಹಿಕ ಚಟುವಟಿಕೆಯನ್ನು 51% ಜಾಸ್ತಿ ಹೇಳಿದ್ದರು. ಬೇಕೂಂತ ಸುಳ್ಳು ಹೇಳಿದ್ದಲ್ಲ, ಅಂದಾಜೇ ಹಾಗೆ. ಪೊಟ್ಟಣದಲ್ಲಿ ಈ ಅಂದಾಜಿನ ತಾಪತ್ರಯ ಇಲ್ಲ. ಅದಕ್ಕೇ ಅದು ಕೆಲಸ ಮಾಡುತ್ತೆ.

ಸುಮ್ನೆಬಂದೆ | ರಾತ್ರಿ 9:47

51% ಜಾಸ್ತಿ ನಡೆದವರಲ್ಲಿ ನಾನೂ ಒಬ್ಬ.

ಅರೆಹೊಟ್ಟೆ | ರಾತ್ರಿ 10:15

ಮಳೆಬಿಲ್ಲು ಅಕ್ಕ, ನಿಮ್ಮ ಯಜಮಾನರು ಹೇಳಿದ್ದನ್ನೇ ನಾನು ಮಾಡಿದೆ. ಪುಡಿ ಮಾತ್ರ, ಕ್ಲಾಸು ಇಲ್ಲ. ಕೇಳಿ.

ಮೊದಲ ಮೂರು ದಿನ ನರಕ. ತಲೆನೋವು, ಸಿಟ್ಟು, ಎಲ್ಲರ ತಟ್ಟೆ ಮೇಲೂ ಕಣ್ಣು. ನಾಲ್ಕನೇ ದಿನದಿಂದ ಹಸಿವು ಆಶ್ಚರ್ಯ ಅನ್ನುವಷ್ಟು ಕಡಿಮೆ ಆಯಿತು. ಮೊದಲ ವಾರ 3.5 ಕೆ.ಜಿ. ಇಳಿದು ಕುಣಿದಾಡಿದೆ. ಅದರಲ್ಲಿ ಬಹುಪಾಲು ನೀರು ಅಂತ ಆಮೇಲೆ ಗೊತ್ತಾಯಿತು. ದೇಹ ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೋಜನ್, ಖಾಲಿಯಾಗುವಾಗ ಅದು ಹಿಡಿದಿಟ್ಟ ನೀರೂ ಹೋಗುತ್ತೆ, ಅಷ್ಟೇ. ಇರಲಿ. ನಾಲ್ಕು ತಿಂಗಳಲ್ಲಿ 21 ಕೆ.ಜಿ. ಹೋಯಿತು. ಹಳೆ ಪ್ಯಾಂಟೆಲ್ಲ ದಾನ ಮಾಡಿದೆ. ತಪ್ಪು ಮಾಡಿದೆ, ಇಟ್ಟುಕೊಳ್ಳಬೇಕಿತ್ತು.

ಪುಡಿ ನಿಲ್ಲಿಸಿದ ಮೊದಲ ಸೋಮವಾರ ಇವತ್ತಿಗೂ ನೆನಪಿದೆ. ಕೈಯಲ್ಲಿ ತಟ್ಟೆ ಇದೆ, ಎಷ್ಟು ಹಾಕಿಕೊಳ್ಳಬೇಕು ಅಂತ ಗೊತ್ತಿಲ್ಲ. ನಾಲ್ಕು ತಿಂಗಳು ಯಾವ ತೀರ್ಮಾನವನ್ನೂ ನಾನು ತಗೊಂಡಿರಲಿಲ್ಲ, ಪೊಟ್ಟಣವೇ ತಗೊಳ್ಳುತ್ತಿತ್ತು. ಮೊದಲೆರಡು ವಾರ ಹೆದರಿ ಹೆದರಿ ತಿಂದೆ. ಆಮೇಲೆ ಹೆದರಿಕೆ ಹೋಯಿತು. ಹಸಿವು ಮಾತ್ರ ಮೊದಲಿಗಿಂತ ಜೋರಾಗಿ ಬಂತು. ಒಂದೂವರೆ ವರ್ಷದಲ್ಲಿ 18 ಕೆ.ಜಿ. ವಾಪಸ್. ಪುಡಿಯನ್ನು ನಾನು ಬೈಯಲ್ಲ. ಅದು ಹೇಳಿದ ಕೆಲಸ ಮಾಡಿತು. ಮುಂದಿನ ಕೆಲಸ ಯಾರದು ಅಂತ ನಾನೇ ಕೇಳಿರಲಿಲ್ಲ.

ಗಟ್ಟಿಮನಸ್ಸು | ರಾತ್ರಿ 10:21

ಬೇಜಾರು ಮಾಡ್ಕೋಬೇಡಿ, ಇದು ಮನಸ್ಸಿನ ಗಟ್ಟಿತನದ ಪ್ರಶ್ನೆ. 21 ಕೆ.ಜಿ. ಇಳಿಸಿದವರಿಗೆ ಅದನ್ನು ಕಾಪಾಡಿಕೊಳ್ಳೋಕೆ ಆಗಲ್ವಾ?

ಚುರುಕುಮುಳ್ಳು | ರಾತ್ರಿ 10:24

ಬಂದ್ರಪ್ಪಾ ಉಪದೇಶ ಮಾಡೋಕೆ. ನಿಮ್ಮ ತೂಕ ಎಷ್ಟು ಸರ್?

ಗಟ್ಟಿಮನಸ್ಸು | ರಾತ್ರಿ 10:26

68. ಅದಕ್ಕೇನೀಗ?

ಚುರುಕುಮುಳ್ಳು | ರಾತ್ರಿ 10:27

ದಡದಲ್ಲಿ ನಿಂತು ಈಜು ಹೇಳಿಕೊಡ್ತಿದ್ದೀರಿ, ಅದಕ್ಕೆ.

ಬಿಳಿಕೋಟು | ರಾತ್ರಿ 11:05

ಜಗಳ ಸ್ವಲ್ಪ ಪಕ್ಕಕ್ಕಿಡಿ. ಮಳೆಬಿಲ್ಲು ಅವರೇ, ನಾನು ಡಾಕ್ಟರು, ಆದರೆ ನಿಮ್ಮ ಡಾಕ್ಟರಲ್ಲ. ಎರಡು ವಿಷಯ.

ಮೊದಲನೆಯದು ಮಾತ್ರೆ. ಇದಕ್ಕೆ ಉತ್ತರ ಸಿಗುವ ತನಕ ಒಂದು ಲೋಟವೂ ಕುಡಿಯಬೇಡಿ. ದಿನಕ್ಕೆ 800 ಕ್ಯಾಲೊರಿಗೆ ಇಳಿದರೆ ಸಕ್ಕರೆ ಮಟ್ಟ ವಾರದೊಳಗೇ ಬೀಳಲು ಶುರುವಾಗುತ್ತದೆ. ಗ್ಲಿಮೆಪಿರೈಡ್, ಗ್ಲೈಕ್ಲಜೈಡ್ ಥರದ ಮಾತ್ರೆಯೋ ಇನ್ಸುಲಿನ್ನೋ ಹಾಗೇ ನಡೆದರೆ ಸಕ್ಕರೆ ತೀರಾ ಕೆಳಗೆ ಹೋಗಿ ಪ್ರಜ್ಞೆ ತಪ್ಪಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನದಾದರೆ ಅಪಾಯ ಬೇರೆ: ಸಕ್ಕರೆ ಜಾಸ್ತಿ ಇಲ್ಲದೆಯೂ ಕೀಟೋಆಸಿಡೋಸಿಸ್, ಅಂದರೆ ರಕ್ತದಲ್ಲಿ ಆಮ್ಲ ಅಪಾಯದ ಮಟ್ಟಕ್ಕೆ ಏರೋದು, ಆಗಬಹುದು. ಬಿಪಿ ಮಾತ್ರೆ ಹಾಗೇ ನಡೆದರೆ ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತೆ. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಇಳಿಸಬೇಕು ಅಂತ ನಿಮ್ಮ ಡಾಕ್ಟರು ಬರೆದು ಕೊಡಲಿ. ನೀವೇ ನಿಲ್ಲಿಸಬೇಡಿ.

ಎರಡನೆಯದು ಗಟ್ಟಿಮನಸ್ಸು ಅವರಿಗೆ. 2011ರಲ್ಲಿ ಮೆಲ್ಬರ್ನ್‌ನಲ್ಲಿ 50 ಜನರನ್ನು 10 ವಾರ ತೀರಾ ಕಡಿಮೆ ಕ್ಯಾಲೊರಿಯಲ್ಲಿ ಇಟ್ಟು ನೋಡಿದ ಅಧ್ಯಯನ ಪ್ರಕಟವಾಯಿತು. ತೂಕ ಇಳಿದ ಮೇಲೆ ಹಸಿವು ಹುಟ್ಟಿಸುವ ಗ್ರೆಲಿನ್ ಏರಿತು, ಸಾಕು ಅನ್ನಿಸುವ ಲೆಪ್ಟಿನ್ ಇಳಿಯಿತು. ಒಂದು ವರ್ಷ ಕಳೆದ ಮೇಲೂ ಈ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ. ಅರೆಹೊಟ್ಟೆ ಅವರು "ಹಸಿವು ಮೊದಲಿಗಿಂತ ಜೋರಾಗಿ ಬಂತು" ಅಂದರಲ್ಲ, ಅದು ನೆಪ ಅಲ್ಲ, ರಕ್ತದಲ್ಲಿ ಅಳೆಯಬಹುದಾದ ವಿಷಯ.

ಅರೆಹೊಟ್ಟೆ | ರಾತ್ರಿ 11:12

ಡಾಕ್ಟ್ರೇ, ಈ ಮಾತನ್ನು ಎರಡು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ನನ್ನನ್ನು ನಾನು ಅಷ್ಟು ಬೈದುಕೊಳ್ಳುತ್ತಿರಲಿಲ್ಲ.

ಗಟ್ಟಿಮನಸ್ಸು | ರಾತ್ರಿ 11:20

ಸರಿ, ಒಪ್ಪಿದೆ. ಆದರೂ ತಿನ್ನುವ ಕೈ ನಮ್ಮದೇ ಅಲ್ವಾ.

ಚುರುಕುಮುಳ್ಳು | ರಾತ್ರಿ 11:21

ಅಯ್ಯೋ ರಾಮಾ.

ಸಣ್ಣಗಾಗಿಖುಷಿಯಾಗಿ | ಮಂಗಳವಾರ, ಬೆಳಿಗ್ಗೆ 6:30

ಮೇಡಂ ಯೋಚನೆ ಬಿಡಿ!! ನಮ್ಮ ಪುಡಿ 100% ಗ್ಯಾರಂಟಿ. ಡಾಕ್ಟರು ಬೇಡ, ಮಾತ್ರೆ ಬೇಡ, 30 ದಿನಕ್ಕೆ 15 ಕೆ.ಜಿ. ನನ್ನ ಗುಂಪಿಗೆ ಸೇರಿ, ನೀವೂ ಮಾರಿ ಗಳಿಸಿ!!

ಲೆಕ್ಕದಮೇಷ್ಟ್ರು | ಬೆಳಿಗ್ಗೆ 6:48

15 ಇಂಟು 7,700 ಅಂದರೆ 1,15,500. ಅದನ್ನು 30ರಿಂದ ಭಾಗಿಸಿ. ದಿನಕ್ಕೆ 3,850 ಕ್ಯಾಲೊರಿ ಕೊರತೆ ಬೇಕು. ಮೇಡಂ ಪೂರ್ತಿ ಉಪವಾಸ ಇದ್ದರೂ ಅಷ್ಟಾಗಲ್ಲ. ಕೂಡಿಸಿ ಕಳೆಯೋಕೆ ಬರೋರ ಮುಂದೆ ಈ ಅಂಗಡಿ ಇಡಬೇಡಿ.

ನಿರ್ವಾಹಕ | ಬೆಳಿಗ್ಗೆ 7:15

ಮಾರಾಟದ ಖಾತೆಯನ್ನು ತಡೆಹಿಡಿಯಲಾಗಿದೆ. ಲೆಕ್ಕ ಚೆನ್ನಾಗಿರುವುದರಿಂದ ಎರಡು ಪೋಸ್ಟನ್ನೂ ಹಾಗೇ ಬಿಟ್ಟಿದ್ದೇವೆ.

ಹಳೇಬೇರು | ಬೆಳಿಗ್ಗೆ 7:40

ನೋಡಿದಿರಾ, ನಾನು ಹೇಳಿದ್ದು ಇದನ್ನೇ. 1970ರ ದಶಕದಲ್ಲಿ ಅಮೆರಿಕದಲ್ಲಿ ದ್ರವ ಪ್ರೋಟೀನ್ ಕುಡಿದು ತೂಕ ಇಳಿಸೋ ಹುಚ್ಚು ಹಬ್ಬಿತ್ತು. ಹೃದಯ ನಿಂತು ಸುಮಾರು 60 ಜನ ಸತ್ತರು. ಇದನ್ನು ಯಾರೂ ಹೇಳಲ್ಲ.

ಬಿಳಿಕೋಟು | ಬೆಳಿಗ್ಗೆ 8:05

ಹೇಳೋಣ, ಸರಿಯಾದ ಮಾತೇ. ಆದರೆ ಯಾಕೆ ಸತ್ತರು ಅನ್ನೋದನ್ನೂ ಹೇಳೋಣ. ಆ ದ್ರವ ಮಾಡುತ್ತಿದ್ದದ್ದು ಪ್ರಾಣಿಗಳ ಚರ್ಮ, ಮೂಳೆ ಸಂದಿಯ ಕೊಲಾಜನ್‌ನಿಂದ. ಅದು ತೀರಾ ಕಳಪೆ ಪ್ರೋಟೀನ್. ಪೊಟ್ಯಾಸಿಯಂ, ಮೆಗ್ನೀಸಿಯಂ ಥರದ ಖನಿಜಗಳೂ ಸಾಕಷ್ಟು ಇರಲಿಲ್ಲ. ಅದನ್ನೇ ತಿಂಗಳುಗಟ್ಟಲೆ ಕುಡಿದರು, ಎಷ್ಟೋ ಜನರಿಗೆ ಸರಿಯಾದ ವೈದ್ಯರ ನಿಗಾ ಇರಲಿಲ್ಲ. ಹೃದಯದ ಬಡಿತ ತಪ್ಪಿತು.

ಆಮೇಲೆ ನಿಯಮ ಬಿಗಿಯಾಯಿತು. ಆಹಾರದ ಅಂತರರಾಷ್ಟ್ರೀಯ ಮಾನದಂಡ ಕೋಡೆಕ್ಸ್‌ನಲ್ಲಿ ತೂಕ ಇಳಿಸುವ ಇಂಥ ಆಹಾರಕ್ಕೆ 1991ರಲ್ಲಿ ಒಂದು, ತೀರಾ ಕಡಿಮೆ ಕ್ಯಾಲೊರಿಯದಕ್ಕೆ 1995ರಲ್ಲಿ ಇನ್ನೊಂದು ಮಾನದಂಡ ಬಂತು. ಎರಡನೆಯದರ ಪ್ರಕಾರ ದಿನಕ್ಕೆ ಕನಿಷ್ಠ 50 ಗ್ರಾಂ ಒಳ್ಳೆ ಗುಣಮಟ್ಟದ ಪ್ರೋಟೀನ್ ಇರಲೇಬೇಕು. ಐರೋಪ್ಯ ಒಕ್ಕೂಟದ ನಿಯಮದಲ್ಲಿ ಇದು 75 ಗ್ರಾಂ.

ಹಳೇಬೇರು | ಬೆಳಿಗ್ಗೆ 8:20

ವಿವರಕ್ಕೆ ಧನ್ಯವಾದ. ಅಭಿಪ್ರಾಯ ಬದಲಾಗಿಲ್ಲ.

ಜಿಮ್‌ಹುಡುಗ | ಬೆಳಿಗ್ಗೆ 9:02

ಇಷ್ಟೆಲ್ಲಾ ಯಾಕೆ? ನನ್ನ ಹತ್ರ ಪ್ರೋಟೀನ್ ಪೌಡರ್ ಇದೆ, ಅದನ್ನೇ ರಾತ್ರಿ ಊಟದ ಬದಲು ಕುಡೀತೀನಿ. ಸೇಮ್ ಅಲ್ವಾ?

ನಿಧಾನಿ | ಬೆಳಿಗ್ಗೆ 9:15

ಅಲ್ಲ ಕಣಪ್ಪ. ಪ್ರೋಟೀನ್ ಪೌಡರ್ ಅಂದರೆ ಬರೀ ಪ್ರೋಟೀನ್. ಊಟದ ಬದಲಿ ಪುಡಿಯಲ್ಲಿ ಪಿಷ್ಟ, ಕೊಬ್ಬು, ನಾರು, ಅಯೋಡಿನ್, ಕಬ್ಬಿಣ, ವಿಟಮಿನ್ನುಗಳು ಎಲ್ಲ ಲೆಕ್ಕ ಹಾಕಿ ಸೇರಿಸಿರುತ್ತಾರೆ. ಒಂದು ಸಲದ್ದು ಸಾಮಾನ್ಯವಾಗಿ 200ರಿಂದ 250 ಕ್ಯಾಲೊರಿ. ಡಬ್ಬಿ ತಿರುಗಿಸಿ ಹಿಂದೆ ಬರೆದಿರೋದನ್ನು ಓದು. ಚಿತ್ರ ನೋಡಿ ಮರುಳಾಗಬೇಡ.

ಕಲ್ಲುಸಕ್ಕರೆ | ಬೆಳಿಗ್ಗೆ 10:40

ನನ್ನ ಹೆಸರು ಹೇಗೆ ಬಂತು ಅಂತ ಹೇಳ್ತೀನಿ. ತೂಕ ಇಳಿಸಲು ಹೋಗಿ ಪಿತ್ತಕೋಶದಲ್ಲಿ ಕಲ್ಲು ಬಂತು. ನಾಲ್ಕು ತಿಂಗಳಲ್ಲಿ 27 ಕೆ.ಜಿ. ಇಳಿಸಿದ್ದೆ, ಯಾರನ್ನೂ ಕೇಳದೆ, ಪುಡಿಯನ್ನೂ ಅರ್ಧಕ್ಕೆ ಇಳಿಸಿಕೊಂಡು. ಬೇಗ ಆಗಲಿ ಅಂತ ಆಸೆ ನೋಡಿ. ಒಂದು ರಾತ್ರಿ ಬಲಗಡೆ ಪಕ್ಕೆಲುಬಿನ ಕೆಳಗೆ ಶುರುವಾದ ನೋವು ಬೆನ್ನಿಗೆ ಹೋಯಿತು, ಬೆಳಗಿನ ಹೊತ್ತಿಗೆ ಆಸ್ಪತ್ರೆಯಲ್ಲಿದ್ದೆ. ಪಿತ್ತಕೋಶ ತೆಗೆದರು.

ಆಮೇಲೆ ಡಾಕ್ಟರು ವಿವರಿಸಿದರು. ಕೊಬ್ಬು ವೇಗವಾಗಿ ಕರಗುವಾಗ ಪಿತ್ತರಸಕ್ಕೆ ಕೊಲೆಸ್ಟರಾಲ್ ಜಾಸ್ತಿ ಸೇರುತ್ತೆ. ತಿನ್ನುವುದರಲ್ಲಿ ಕೊಬ್ಬೇ ಇಲ್ಲದಿದ್ದರೆ ಪಿತ್ತಕೋಶ ಹಿಂಡಿ ಖಾಲಿಯಾಗಲ್ಲ. ನಿಂತ ನೀರಿನ ಹಾಗೆ ನಿಂತು ಕಲ್ಲಾಗುತ್ತೆ. ವಾರಕ್ಕೆ ಒಂದೂವರೆ ಕೆ.ಜಿ.ಗಿಂತ ಜೋರಾಗಿ ಇಳಿದರೆ ಅಪಾಯ ಏರುತ್ತದಂತೆ. ಅಕ್ಕ, ಪುಡಿಯಲ್ಲಿ ಕೊಬ್ಬು ಎಷ್ಟಿದೆ ಅಂತ ಕೇಳಿ. ಹೇಳಿದಷ್ಟನ್ನು ಪೂರ್ತಿ ಕುಡೀರಿ. ಕಡಿಮೆ ಕುಡಿದರೆ ಇನ್ನೂ ಒಳ್ಳೇದು ಅನ್ನೋ ಬುದ್ಧಿ ಬೇಡ.

ತೂಕಡಿಕೆ | ಬೆಳಿಗ್ಗೆ 11:00

ಕೂದಲು ಉದುರುತ್ತಾ?

ಬಿಳಿಕೋಟು | ಬೆಳಿಗ್ಗೆ 11:30

ಉದುರಬಹುದು. ಶುರು ಮಾಡಿದ ಎರಡು ಮೂರು ತಿಂಗಳ ಮೇಲೆ, ತಲೆ ಬಾಚುವಾಗ ಗಾಬರಿಯಾಗುವಷ್ಟು. ಸಾಮಾನ್ಯವಾಗಿ ಮತ್ತೆ ಬರುತ್ತೆ. ಮಲಬದ್ಧತೆ, ಚಳಿ ಆಗೋದು, ಸುಸ್ತು ಇವೂ ಸಾಮಾನ್ಯ. ನೀರು ಜಾಸ್ತಿ ಕುಡಿಯಬೇಕು. ಗರ್ಭಿಣಿಯರು, ಹಾಲೂಡಿಸುವವರು, ತಿನ್ನೋ ವಿಷಯದಲ್ಲಿ ಮಾನಸಿಕ ತೊಂದರೆ ಅನುಭವಿಸಿದವರು ಈ ದಾರಿಗೆ ಬರಬಾರದು. ಕಿಡ್ನಿ ಸಮಸ್ಯೆ ಇದ್ದವರು ಮೊದಲು ಕೇಳಬೇಕು.

ನಿಧಾನಿ | ಮಧ್ಯಾಹ್ನ 2:10

ಈಗ ಪ್ರಶ್ನೆಗೆ ಬರೋಣ, ಯಾಕೆಂದರೆ ನಾನು ಪುಡಿ, ಕ್ಲಾಸು ಎರಡೂ ಮಾಡಿದವನು. ನಾಲ್ಕು ವರ್ಷ ಆಯಿತು. 19 ಕೆ.ಜಿ. ಇಳಿದಿತ್ತು, ಐದು ವಾಪಸ್ ಬಂದಿದೆ, 14 ಇನ್ನೂ ಹೊರಗೇ ಇದೆ.

ಕ್ಲಾಸು ಅಂದರೆ ನಾನೂ ಪಾಠ ಅಂದುಕೊಂಡಿದ್ದೆ. ತರಕಾರಿ ಒಳ್ಳೇದು, ಸಕ್ಕರೆ ಕೆಟ್ಟದ್ದು, ಇತ್ಯಾದಿ. ಅದು ಯಾರಿಗೆ ಗೊತ್ತಿಲ್ಲ? ಬೊಜ್ಜಿರುವವರಿಗೆ ಕ್ಯಾಲೊರಿ ಬಗ್ಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರಲ್ಲ. ಅಲ್ಲಿ ಮಾಡಿಸಿದ್ದು ಬೇರೆ. ಡೈರಿಯಲ್ಲಿ ಐದು ಕಾಲಂ: ಎಷ್ಟು ಹೊತ್ತಿಗೆ, ಎಲ್ಲಿ, ಯಾರ ಜೊತೆ, ಹಸಿವು ಹತ್ತಕ್ಕೆ ಎಷ್ಟು, ಏನು ತಿಂದೆ. ಮೂರನೇ ವಾರಕ್ಕೆ ನನ್ನ ಡೈರಿಯೇ ನನಗೆ ಚಾಡಿ ಹೇಳಿತು. ಆಫೀಸಿನಿಂದ ಬಂದ ಮೇಲೆ, ಹಸಿವು ಎರಡು ಮೂರು ಇರುವಾಗ, ನಿಂತುಕೊಂಡೇ ತಿನ್ನುತ್ತಿದ್ದೆ. ಅದನ್ನು ನಾನು ಊಟ ಅಂತ ಲೆಕ್ಕಕ್ಕೇ ತಗೊಂಡಿರಲಿಲ್ಲ.

ಅದಕ್ಕೆ ಉಪದೇಶ ಕೊಡಲಿಲ್ಲ ಅವರು. "ಬಂದ ತಕ್ಷಣ ಅಡುಗೆಮನೆ ಮೂಲಕ ಹೋಗದೆ ಬೇರೆ ಬಾಗಿಲಿಂದ ಹೋಗೋಕೆ ಆಗುತ್ತಾ?" ಅಂತ ಕೇಳಿದರು. ನಗು ಬಂತು. ಆದರೆ ಆಯಿತು.

ಊಟ ವಾಪಸ್ ತರುವಾಗ ಎಂಟು ವಾರ ತಗೊಂಡರು. ಮೊದಲು ಒಂದು ಹೊತ್ತು, ಎರಡು ವಾರ ಅದೇ. ಆಮೇಲೆ ಇನ್ನೊಂದು. ಪ್ರತಿ ಹೆಜ್ಜೆಗೂ ತೂಕ ನೋಡಿ ಮಾತಾಡೋದು. ಜಾರಿದ ದಿನ ಏನು ಮಾಡಬೇಕು ಅಂತ ಜಾರುವ ಮೊದಲೇ ಬರೆಸಿಕೊಂಡರು. ನನ್ನ ಚೀಟಿ ಈಗಲೂ ಬೀರುವಿನ ಒಳಗೆ ಅಂಟಿಸಿದೆ: "2 ಕೆ.ಜಿ. ಏರಿದರೆ ನಾಲ್ಕು ವಾರ ಒಂದು ಊಟದ ಬದಲು ಪುಡಿ. ಯಾರಿಗೂ ವಿವರಣೆ ಕೊಡಬೇಕಿಲ್ಲ." ಇದುವರೆಗೆ ಮೂರು ಸಲ ಉಪಯೋಗಿಸಿದ್ದೇನೆ.

ಅರೆಹೊಟ್ಟೆ | ಮಧ್ಯಾಹ್ನ 2:31

"ಯಾರಿಗೂ ವಿವರಣೆ ಕೊಡಬೇಕಿಲ್ಲ." ಇದನ್ನು ಕದ್ದುಕೊಂಡೆ.

ಲೆಕ್ಕದಮೇಷ್ಟ್ರು | ಸಂಜೆ 5:20

ಒಬ್ಬರ ಅನುಭವದಿಂದ ತೀರ್ಮಾನ ಮಾಡಬಾರದು ಅಂತ ಓದಿಕೊಂಡು ಬಂದೆ. ಬ್ರಿಟನ್ನಿನ "ಡೈರೆಕ್ಟ್" ಅನ್ನೋ ಹೆಸರಿನ ಅಧ್ಯಯನ ಮೇಡಂ ಅವರ ಕಥೆಗೆ ಬಹಳ ಹತ್ತಿರ. 306 ಜನ, ಎಲ್ಲರಿಗೂ ಟೈಪ್ 2 ಮಧುಮೇಹ, ಬಂದು ಆರು ವರ್ಷದೊಳಗೆ, ಯಾರೂ ಇನ್ಸುಲಿನ್ ಮೇಲಿಲ್ಲ. ಅರ್ಧ ಜನಕ್ಕೆ ಮೂರರಿಂದ ಐದು ತಿಂಗಳು ದಿನಕ್ಕೆ 825ರಿಂದ 853 ಕ್ಯಾಲೊರಿಯ ಪುಡಿ, ಆಮೇಲೆ ನಿಧಾನಕ್ಕೆ ಊಟ, ಆಮೇಲೆ ತಿಂಗಳು ತಿಂಗಳು ಭೇಟಿ. 2017ರಲ್ಲಿ ಪ್ರಕಟವಾಯಿತು. ವರ್ಷದ ಕೊನೆಗೆ ಈ ಗುಂಪಿನ 46% ಜನ ಮಾತ್ರೆ ಇಲ್ಲದೆ ಮಧುಮೇಹದ ಗೆರೆಯಿಂದ ಕೆಳಗಿದ್ದರು. ಮಾಮೂಲಿ ಚಿಕಿತ್ಸೆಯವರಲ್ಲಿ 4%. 15 ಕೆ.ಜಿ. ಅಥವಾ ಜಾಸ್ತಿ ಇಳಿಸಿದವರನ್ನು ಮಾತ್ರ ತಗೊಂಡರೆ 86%!

ಹಳೇಬೇರು | ಸಂಜೆ 5:41

ಒಂದು ವರ್ಷದ ಕಥೆ ಹೇಳ್ತೀರಿ. ಐದು ವರ್ಷದ್ದು ಹೇಳಿ ಮೇಷ್ಟ್ರೇ.

ಲೆಕ್ಕದಮೇಷ್ಟ್ರು | ಸಂಜೆ 6:02

ಹೇಳ್ತೀನಿ, ಮುಚ್ಚಿಡೋದೇನಿದೆ. ಎರಡನೇ ವರ್ಷಕ್ಕೆ 36%. ಮುಂದೆಯೂ ಜೊತೆಗಿದ್ದ 85 ಜನರಲ್ಲಿ ಐದನೇ ವರ್ಷಕ್ಕೆ 13%. ಆದರೆ ಆ 85 ಜನರ ಸರಾಸರಿ ತೂಕ ಆಗಲೂ ಮೊದಲಿಗಿಂತ 6.1 ಕೆ.ಜಿ. ಕಡಿಮೆ ಇತ್ತು.

ಹಳೇಬೇರು | ಸಂಜೆ 6:05

46ರಿಂದ 13. ನಾನೇನು ಹೇಳಬೇಕಿಲ್ಲ.

ಚುರುಕುಮುಳ್ಳು | ಸಂಜೆ 6:11

ಐದು ವರ್ಷ ಆರು ಕೆ.ಜಿ. ಹೊರದಿರೋದು ಸಣ್ಣ ಮಾತಾ ಸ್ವಾಮಿ? ಮಂಡಿಗೆ ಕೇಳಿ ನೋಡಿ. "ಕಡಿಮೆ ತಿನ್ನಿ, ಜಾಸ್ತಿ ನಡೆಯಿರಿ" ಅಂದ ನಿಮ್ಮ ದಾರಿಯಲ್ಲಿ ಐದು ವರ್ಷಕ್ಕೆ ಎಷ್ಟು ಜನ ಉಳಿದರು, ಅದರ ಲೆಕ್ಕ ಕೊಡಿ.

ಹಳೇಬೇರು | ಸಂಜೆ 6:30

ನಮ್ಮ ಕಾಲದಲ್ಲಿ ಲೆಕ್ಕ ಇಡುತ್ತಿರಲಿಲ್ಲ.

ಚುರುಕುಮುಳ್ಳು | ಸಂಜೆ 6:31

ಅದೇ ತೊಂದರೆ.

ತಂಗಿಪಕ್ಷ | ಸಂಜೆ 7:15

ಮಳೆಬಿಲ್ಲು ಅವರ ತಂಗಿಯ ಪರವಾಗಿ ಯಾರೂ ಮಾತಾಡಲಿಲ್ಲ, ನಾನು ಮಾತಾಡ್ತೀನಿ. ಬರೀ ಪಾಠದಿಂದಲೂ ಬಹಳ ಆಗುತ್ತೆ. ಅಮೆರಿಕದ ಮಧುಮೇಹ ತಡೆ ಅಧ್ಯಯನ, 2002ರದ್ದು, 3,234 ಜನ. 24 ವಾರದಲ್ಲಿ 16 ಪಾಠ, ತೂಕದಲ್ಲಿ 7% ಇಳಿಸೋ ಗುರಿ, ವಾರಕ್ಕೆ 150 ನಿಮಿಷ ನಡಿಗೆಯಂಥ ಚಟುವಟಿಕೆ. ಮಧುಮೇಹ ಬರೋದು 58% ಕಡಿಮೆ ಆಯಿತು. ಮೆಟ್‌ಫಾರ್ಮಿನ್ ಮಾತ್ರೆ ಕೊಟ್ಟವರಲ್ಲಿ 31%. ಅಂದರೆ ಪಾಠ ಮಾತ್ರೆಯನ್ನು ಸೋಲಿಸಿತು. ಅಡಿಪಾಯವೇ ಪುಡಿ ಆಗಿರಲಿಲ್ಲ ಅಲ್ಲಿ.

ಬಿಳಿಕೋಟು | ಸಂಜೆ 7:50

ನಿಜ. ಆದರೆ ಅಲ್ಲಿದ್ದವರಿಗೆ ಮಧುಮೇಹ ಇನ್ನೂ ಬಂದಿರಲಿಲ್ಲ, ತಡೆಯೋದು ಗುರಿ. ಮಳೆಬಿಲ್ಲು ಅವರಿಗೆ ಬಂದಾಗಿದೆ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 39.6 ಇದೆ. ಇಲ್ಲಿ ಜಾಸ್ತಿ ತೂಕ ಇಳಿಯಬೇಕು.

ಎರಡನ್ನೂ ಹೋಲಿಸಿದ್ದೂ ಇದೆ. 2019ರಲ್ಲಿ 23 ಅಧ್ಯಯನ, 7,884 ಜನರ ಫಲಿತಾಂಶ ಒಟ್ಟು ಹಾಕಿ ನೋಡಿದರು. ಊಟದ ಬದಲಿ ಬಳಸಿದವರು ವರ್ಷದ ಕೊನೆಗೆ ಬೇರೆ ಡಯಟ್ ಮಾಡಿದವರಿಗಿಂತ ಸರಾಸರಿ 1.44 ಕೆ.ಜಿ. ಜಾಸ್ತಿ ಇಳಿಸಿದ್ದರು. ಇಷ್ಟೇನಾ ಅನಿಸುತ್ತೆ. ಅದು ದಿನಕ್ಕೆ ಒಂದೆರಡು ಊಟ ಮಾತ್ರ ಬದಲಿಸಿದ ಕಥೆ. ಪೂರ್ತಿ ಊಟ ಬದಲಿಸಿ, ಜೊತೆಗೆ ಮಾತಾಡಿಸುವವರೂ ಇದ್ದರೆ ಅಂಕಿ ಬೇರೆ. 2018ರಲ್ಲಿ ಆಕ್ಸ್‌ಫರ್ಡ್‌ನ ಡ್ರಾಪ್ಲೆಟ್ ಅಧ್ಯಯನದಲ್ಲಿ 8 ವಾರ ದಿನಕ್ಕೆ 810 ಕ್ಯಾಲೊರಿ, ಆಮೇಲೆ ನಾಲ್ಕು ವಾರ ಊಟ ವಾಪಸ್, ಜೊತೆಗೆ ಸಲಹೆಗಾರರು. ವರ್ಷದ ಕೊನೆಗೆ 10.7 ಕೆ.ಜಿ. ಇಳಿದಿತ್ತು. ಕ್ಲಿನಿಕ್ಕಿನ ಮಾಮೂಲಿ ಸಲಹೆ ಪಡೆದವರಲ್ಲಿ 3.1.

ಜಿಮ್‌ಹುಡುಗ | ರಾತ್ರಿ 8:10

ಎಲ್ಲಾ ಬಿಟ್ಟು ವಾರಕ್ಕೊಂದು ಇಂಜೆಕ್ಷನ್ ಹಾಕಿಸ್ಕೊಂಡ್ರೆ ಆಯ್ತಲ್ಲ. ಈಗ ಎಲ್ರೂ ಅದೇ ಮಾಡ್ತಿದಾರೆ.

ತೂಕಡಿಕೆ | ರಾತ್ರಿ 8:14

ಹೌದು, ಅದರ ಬಗ್ಗೆ ಬೇರೆ ಚರ್ಚೆ ಶುರು ಮಾಡಿ ಪ್ಲೀಸ್. ನಂಗೂ ಕೇಳೋದಿದೆ.

ಬಿಳಿಕೋಟು | ರಾತ್ರಿ 8:40

ಬೇರೆ ಚರ್ಚೆಯೇ ಬೇಕು. ಒಂದೇ ಮಾತು ಹೇಳಿ ಬಿಡ್ತೀನಿ. 2021ರ ಅಧ್ಯಯನದಲ್ಲಿ ಸೆಮಾಗ್ಲುಟೈಡ್ ಅನ್ನೋ ಅಂಥ ಇಂಜೆಕ್ಷನ್ ತಗೊಂಡವರ ತೂಕ 68 ವಾರದಲ್ಲಿ ಸರಾಸರಿ 14.9% ಇಳಿಯಿತು. ನಿಲ್ಲಿಸಿದವರನ್ನು ಒಂದು ವರ್ಷ ಬಿಟ್ಟು ನೋಡಿದರು. ಇಳಿದಿದ್ದರಲ್ಲಿ ಮೂರನೇ ಎರಡು ಭಾಗ ವಾಪಸ್ ಬಂದಿತ್ತು. ಪುಡಿ ಇರಲಿ, ಸೂಜಿ ಇರಲಿ, ನಿಲ್ಲಿಸಿದ ಮಾರನೇ ದಿನದ ಪ್ರಶ್ನೆ ತಪ್ಪಲ್ಲ.

ಸುಮ್ನೆಬಂದೆ | ರಾತ್ರಿ 8:52

1988ರಲ್ಲಿ ಓಪ್ರಾ ವಿನ್‌ಫ್ರೇ ದ್ರವಾಹಾರದಲ್ಲಿ 67 ಪೌಂಡ್ ಇಳಿಸಿ, ಅಷ್ಟೇ ತೂಕದ ಕೊಬ್ಬನ್ನು ಗಾಡಿಯಲ್ಲಿ ಎಳೆದುಕೊಂಡು ಟಿ.ವಿ.ಗೆ ಬಂದಿದ್ದರಲ್ಲ. 30 ಕೆ.ಜಿ.! ಆಮೇಲೆ ಅದೂ ವಾಪಸ್. ಅಡುಗೆಯವರು, ಟ್ರೇನರ್ ಎಲ್ಲ ಇಟ್ಟುಕೊಳ್ಳಬಲ್ಲವರಿಗೇ ಹೀಗಾದರೆ ನಾವು ಯಾವ ಲೆಕ್ಕ.

ಗಟ್ಟಿಮನಸ್ಸು | ರಾತ್ರಿ 9:05

ಒಂದು ಪ್ರಶ್ನೆ, ನಿಜವಾಗಿಯೂ ಕೇಳ್ತಿದ್ದೀನಿ, ಕುಟುಕೋಕೆ ಅಲ್ಲ. ಹಾಗಾದರೆ ಉಳಿಸಿಕೊಂಡವರು ಏನು ಮಾಡಿದರು?

ನಿಧಾನಿ | ರಾತ್ರಿ 9:30

ಒಳ್ಳೆ ಪ್ರಶ್ನೆ ಸರ್. ಅಮೆರಿಕದಲ್ಲಿ 1994ರಿಂದ ಒಂದು ದಾಖಲೆ ಪುಸ್ತಕವನ್ನೇ ಇಟ್ಟಿದ್ದಾರೆ. ಕನಿಷ್ಠ 13.6 ಕೆ.ಜಿ. ಇಳಿಸಿ ಒಂದು ವರ್ಷವಾದರೂ ಕಾಪಾಡಿಕೊಂಡವರಿಗೆ ಮಾತ್ರ ಅದರಲ್ಲಿ ಹೆಸರು. ಇಳಿಸಿದ ದಾರಿ ಒಬ್ಬೊಬ್ಬರದು ಒಂದೊಂದು, ಕೆಲವರು ಪುಡಿಯಲ್ಲೂ ಇಳಿಸಿದ್ದಾರೆ. ಉಳಿಸಿಕೊಂಡ ದಾರಿಯಲ್ಲಿ ಮಾತ್ರ ಹೋಲಿಕೆ ಇದೆ. ನಾಲ್ಕರಲ್ಲಿ ಮೂರು ಜನ ವಾರಕ್ಕೊಮ್ಮೆಯಾದರೂ ತೂಕ ನೋಡ್ತಾರೆ. ಬಹುಪಾಲು ಜನ ಬೆಳಗಿನ ತಿಂಡಿ ಬಿಡಲ್ಲ. ದಿನಕ್ಕೆ ಸರಾಸರಿ ಒಂದು ಗಂಟೆ ವ್ಯಾಯಾಮ.

ಆದರೆ ಅವರೆಲ್ಲ ಗೆದ್ದವರು, ತಾವಾಗೇ ಹೆಸರು ಕೊಟ್ಟವರು. ಇದನ್ನೇ ಮಾಡಿಯೂ ಸೋತವರು ಎಷ್ಟೋ, ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಗಟ್ಟಿಮನಸ್ಸು | ರಾತ್ರಿ 9:38

ದಿನಾ ಒಂದು ಗಂಟೆ! ನಾನು 68 ಕೆ.ಜಿ. ಇಟ್ಟುಕೊಳ್ಳೋಕೆ ಏನೂ ಮಾಡಲ್ಲ. ನಿನ್ನೆ ಆಡಿದ ಮಾತು ವಾಪಸ್ ತಗೊಂಡೆ.

ಚುರುಕುಮುಳ್ಳು | ರಾತ್ರಿ 9:40

ಈ ವೇದಿಕೆಯಲ್ಲಿ ಒಬ್ಬರು ಮಾತು ವಾಪಸ್ ತಗೊಂಡಿದ್ದು ಇದೇ ಮೊದಲು. ನಿರ್ವಾಹಕರೇ, ಪಿನ್ ಮಾಡಿ.

ಮಳೆಬಿಲ್ಲು | ಬುಧವಾರ, ಬೆಳಿಗ್ಗೆ 7:05

ಎಲ್ಲವನ್ನೂ ಎರಡು ಸಲ ಓದಿದೆ. ಯಜಮಾನರಿಗೆ ಅರೆಹೊಟ್ಟೆ ಅವರ ಪೋಸ್ಟು ತೋರಿಸಿದೆ. ಏನೂ ಮಾತಾಡಲಿಲ್ಲ, ಅಂದರೆ ಒಪ್ಪಿದ ಹಾಗೆ. ಇವತ್ತು ಮಾತ್ರೆಗಳ ಪಟ್ಟಿ ಹಿಡಿದು ಡಾಕ್ಟರ ಹತ್ತಿರ ಹೋಗ್ತಿದ್ದೀನಿ. ಕ್ಲಾಸಿಗೂ ಹೆಸರು ಕೊಡ್ತೀನಿ.

ಹಳೇಬೇರು | ಬೆಳಿಗ್ಗೆ 7:30

ಮಾಡಿ ತಾಯಿ, ಒಳ್ಳೇದಾಗಲಿ. ನಡೆಯೋದು ಬಿಡಬೇಡಿ ಅಷ್ಟೇ.

ಮಳೆಬಿಲ್ಲು | 14 ವಾರಗಳ ನಂತರ, ಭಾನುವಾರ, ಸಂಜೆ 4:18

ಚರ್ಚೆಯನ್ನು ಮೇಲೆ ಎಳೆದದ್ದಕ್ಕೆ ಕ್ಷಮಿಸಿ. ಕೆಲವರು ಸಂದೇಶ ಕಳಿಸಿ ಕೇಳಿದ್ದರು.

12 ವಾರ ಮುಗಿದು ಎರಡನೇ ವಾರ ನಡೀತಿದೆ. 104 ಇದ್ದದ್ದು 90.8 ಆಗಿದೆ. ಮೇಷ್ಟ್ರೇ, ನಿಮ್ಮ ಲೆಕ್ಕಕ್ಕೆ ಸ್ವಲ್ಪ ಕಡಿಮೆಯಾಯಿತು. ಎರಡು ನೆಂಟರ ಮನೆ ಕಾರ್ಯಕ್ರಮ ಇತ್ತು, ಅಲ್ಲಿ ಪೊಟ್ಟಣ ಚೀಲದಲ್ಲೇ ಉಳಿಯಿತು. ಶುಗರ್ ಮಾತ್ರೆ ಮೊದಲ ದಿನವೇ ನಿಲ್ಲಿಸಿದ್ದರು, ಇನ್ನೂ ಶುರು ಮಾಡಿಲ್ಲ. ಬಿಪಿ ಮಾತ್ರೆ ಅರ್ಧ ಆಗಿದೆ. ಕೂದಲು ಉದುರುತ್ತಿದೆ, ಗೊತ್ತಿದ್ದರಿಂದ ಅಳಲಿಲ್ಲ. ಆರನೇ ವಾರ ಬಿಟ್ಟುಬಿಡಬೇಕು ಅಂತ ಬಹಳ ಅನಿಸಿತ್ತು. ಹಸಿವಿಗಲ್ಲ, ಬೇಜಾರಿಗೆ. ಒಂದೇ ರುಚಿ, ಒಂದೇ ಲೋಟ.

ಡೈರಿ ವಿಷಯ. ಪುಡಿ ಕುಡಿಯುವವರಿಗೆ ಡೈರಿ ಯಾಕೆ ಅಂತ ಮೊದಲು ನಕ್ಕಿದ್ದೆ. ತಿನ್ನದಿದ್ದರೂ ತಿನ್ನಬೇಕು ಅನಿಸಿದ ಹೊತ್ತು ಬರೀರಿ ಅಂದರು. ಬರೆದೆ. ಮಧ್ಯಾಹ್ನ ಅಲ್ಲ, ಸಂಜೆ ಅಲ್ಲ, ದಿನಾ ರಾತ್ರಿ ಹತ್ತರಿಂದ ಹನ್ನೊಂದು. ಮಗ ಕೆಲಸ ಮುಗಿಸಿ ಬರುವ ತನಕ ನಾನು ಒಬ್ಬಳೇ ಕೂತು ಕಾಯುವ ಹೊತ್ತು ಅದು. ಹಸಿವಿನ ಕಾಲಂನಲ್ಲಿ ಎಲ್ಲ ಕಡೆ ಒಂದು, ಎರಡು. ಕ್ಲಾಸಿನಲ್ಲಿ ಇದನ್ನು ಓದುವಾಗ ಗಂಟಲು ಕಟ್ಟಿತು. ಈಗ ಆ ಹೊತ್ತಿಗೆ ತಂಗಿಗೆ ಫೋನ್ ಮಾಡ್ತೀನಿ. ಅವಳಿಗೆ ನಿದ್ದೆ ಹಾಳು, ಪಾಪ. ಪಾಠ ಸಾಕು ಅಂದವಳು ಅವಳೇ ತಾನೆ.

ಮೊನ್ನೆ ಮೊದಲ ಊಟ. ಒಂದು ಹೊತ್ತು ಮಾತ್ರ, ಸಣ್ಣ ತಟ್ಟೆ, ಅರ್ಧ ತಟ್ಟೆ ತರಕಾರಿ. ಮುಗಿಸೋಕೆ 25 ನಿಮಿಷ ಬೇಕಾಯಿತು.

ಲೆಕ್ಕದಮೇಷ್ಟ್ರು | ಸಂಜೆ 4:40

13.2 ಕೆ.ಜಿ. ತೂಕ ಇಳಿದ ಹಾಗೆಲ್ಲ ದೇಹ ಸುಡೋದೂ ಕಡಿಮೆ ಆಗುತ್ತೆ, ಅದನ್ನು ನಾನು ಹಿಡಿದಿರಲಿಲ್ಲ. ತಪ್ಪು ನನ್ನ ಲೆಕ್ಕದ್ದು, ನೆಂಟರದ್ದಲ್ಲ.

ಅರೆಹೊಟ್ಟೆ | ಸಂಜೆ 5:02

ಅಕ್ಕ, ನಾನೂ ಮುಂದಿನ ತಿಂಗಳು ಮತ್ತೆ ಶುರು ಮಾಡ್ತಿದ್ದೀನಿ. ಈ ಸಲ ಕ್ಲಾಸಿಗೆ ಮೊದಲು ಹೆಸರು ಕೊಟ್ಟೆ, ಪುಡಿ ಇನ್ನೂ ತಂದಿಲ್ಲ.

ನಿಧಾನಿ | ಸಂಜೆ 5:15

ಜಾರಿದ ದಿನದ ಚೀಟಿ ಬರೆದಾಯಿತಾ?

ಮಳೆಬಿಲ್ಲು | ಸಂಜೆ 5:21

ಬರೆದೆ. ಬೀರುವಿನಲ್ಲಿ ಅಲ್ಲ, ಫ್ರಿಜ್ ಮೇಲೆ.

ಸುಮ್ನೆಬಂದೆ | ಸಂಜೆ 5:23

ಹಲ್ಲು ಹೇಗಿದೆ ಅಕ್ಕ? ರಜೆ ಮುಗಿಸಿ ಕೆಲಸಕ್ಕೆ ಬಂತಾ?